ಹಾಸಿಗೆಯವನ ಹೆಂಡತಿ

ಹೆಂಡತಿಯನ್ನು ಮಂಚದಿಂದ ಎತ್ತುತ್ತಿದ್ದವರ ಹಿಂದೆ ಮುಂದೆ ಸುಳಿಯುತ್ತ ಹಾಸಿಗೆಯವನು ಒಂದೇ ಸಮನೆ ಹೇಳುತ್ತಿದ್ದ: “ತೋಳು ಹಿಡೀಬೇಡಿ. ಚಾದರದ ಸಮೇತ ಎತ್ತಿ. ನಿಧಾನ.”

ಪಕ್ಕದ ಮನೆಯ ಡ್ರೈವರ್ ಅವನ ಮುಖ ನೋಡಿದ. “ಇನ್ನೆಲ್ಲಿ ನೋವಣ್ಣ ಅವ್ರಿಗೆ?”

ಆದರೂ ಚಾದರದ ತುದಿಗಳನ್ನೇ ಹಿಡಿದು ನಡುಮನೆಯ ಬೆಂಚಿನ ಮೇಲೆ ಮಲಗಿಸಿದರು. ಬೆಳಗ್ಗೆ ಎದೆ ಹಿಡಿದುಕೊಂಡು ಕೂತವಳು ಆಸ್ಪತ್ರೆಗೆ ಕರೆದೊಯ್ಯುವಷ್ಟೂ ಪುರುಸೊತ್ತು ಕೊಟ್ಟಿರಲಿಲ್ಲ. ಪಾಪ, ಆ ಮೈನೋವು ನಿಜವೇ ಇತ್ತೇನೋ ಎಂದು ಬಂದವರು ಪಿಸುಗುಟ್ಟಿದರು. ಇಷ್ಟು ವರ್ಷ ಈ ‘ಪಾಪ’ವನ್ನು ಎಲ್ಲಿಟ್ಟಿದ್ದರೋ. ಆ ನೋವೇ ಬೇರೆ, ಈ ಎದೆಯೇ ಬೇರೆ ಎಂದು ಬಿಡಿಸಿ ಹೇಳುವ ತ್ರಾಣ ಅವನಿಗಿರಲಿಲ್ಲ.

*

ಊರಿಗೆಲ್ಲ ಹತ್ತಿ ತುಂಬಿ ಹಾಸಿಗೆ ಹೊಲಿದುಕೊಡುವವನ ಹೆಂಡತಿಗೇ ನಿದ್ದೆಯಿರಲಿಲ್ಲ. ಅವಳ ಹಾಸಿಗೆಯನ್ನು ಅವನು ಬಿಚ್ಚಿ ಬಿಚ್ಚಿ ತುಂಬಿದ. ಮೆತ್ತಗೆ ಮಾಡಿದರೆ ಸೊಂಟ ನೋವು, ಗಟ್ಟಿ ಮಾಡಿದರೆ ಭುಜ.

“ಅಂಗಡಿ ಬಾಗ್ಲು ಹಾಕ್ಬಿಡಿ, ನಿಮ್ಮ ಕೆಲ್ಸಕ್ಕೆ ನನ್ನಂಥ ಕೆಟ್ಟ ಜಾಹೀರಾತು ಇನ್ನೊಂದಿಲ್ಲ,” ಎಂದು ಅವಳು ನಗುತ್ತಿದ್ದಳು.

ತಲೆನೋವು, ಹೊಟ್ಟೆಯ ರಗಳೆ, ಮಾತಿನ ನಡುವೆ ಪದವೇ ಮರೆತು ನಿಲ್ಲುವುದು, ಎಲ್ಲ ಒಂದರ ಬೆನ್ನಿಗೊಂದು ಬಂದವು. ಯಾವ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಮೈಗಳ್ಳಿ ಎಂದವರಲ್ಲಿ ಅವಳ ಒಡಹುಟ್ಟಿದ ತಂಗಿಯೂ ಇದ್ದಳು. ಕೊನೆಗೊಬ್ಬ ಡಾಕ್ಟರಮ್ಮ ಮೈಯೆಲ್ಲ ಒತ್ತಿ ನೋಡಿ, ಮುಟ್ಟಿದರೂ ಮೈಯೆಲ್ಲ ನೋಯುವ ಇದಕ್ಕೆ ಫೈಬ್ರೊಮಯಾಲ್ಜಿಯ ಎನ್ನುತ್ತಾರೆ, ನಿಮ್ಮ ನೋವು ನಿಜವಾದದ್ದೇ ಎಂದಾಗ, ಅವಳು ಬಹುಮಾನ ಬಂದವಳಂತೆ ಅತ್ತಿದ್ದಳು.

ಅವತ್ತು ಬಸ್ಸಿನಲ್ಲಿ ಅವನೂ ಖುಷಿಗೆ ಅವಳ ಕೈ ಅದುಮಿದ.

“ಅಷ್ಟು ಬಿಗಿ ಬೇಡ ಕಣ್ರೀ.”

ಆಮೇಲೆ ಅವನು ಅಂಗೈ ಬಿಚ್ಚಿಟ್ಟು ಸುಮ್ಮನೆ ಕೂರುವುದನ್ನು ಕಲಿತ. ನೋವು ತಗ್ಗಿದಾಗ ಅವಳೇ ತನ್ನ ಕೈಯನ್ನು ಅದರ ಮೇಲಿಡುತ್ತಿದ್ದಳು. ಒಮ್ಮೆ ಗಟ್ಟಿಯಾಗಿ ಹಿಡಿಯಬೇಕೆಂಬ ಅವನ ಆಸೆ ಮಾತ್ರ ಹಾಗೇ ಉಳಿಯಿತು.

*

ಗಾಡಿ ಬಂತೆಂದು ಎಲ್ಲರೂ ಹೊರಗೆ ಹೋದರು. ತಂಗಿ ಮಾತ್ರ ಬಾಗಿಲಲ್ಲಿ ನಿಂತಳು. ಅತ್ತತ್ತು ಅವಳ ಮುಖ ಊದಿತ್ತು.

“ಒಂದ್ಸಲ ಕೈ ಹಿಡ್ಕೊಳ್ಳಿ ಭಾವ. ಈಗ ಅಕ್ಕಂಗೆ ನೋವಾಗಲ್ಲ.”

ಅವನು ಬೆಂಚಿನ ಅಂಚಿಗೆ ಕೂತು, ರೂಢಿಯಂತೆ ಅಂಗೈ ಬಿಚ್ಚಿಟ್ಟು ಕಾದ. ಆಮೇಲೆ ಎಚ್ಚೆತ್ತವನಂತೆ ತಾನೇ ಅವಳ ಕೈ ತೆಗೆದುಕೊಂಡ. ಮೊದಲು ಹಗುರವಾಗಿ ಹಿಡಿದ, ನಂತರ ಹಾಸಿಗೆಯ ದಾರಕ್ಕೆ ಗಂಟು ಎಳೆಯುವಾಗಿನಷ್ಟು ಬಿಗಿಯಾಗಿ. ಅವಳ ಹುಬ್ಬು ಗಂಟಿಕ್ಕಲಿಲ್ಲ. ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಬೆಳಗ್ಗೆಯಿಂದ ಒಣಗಿಯೇ ಇದ್ದ ಅವನ ಕಣ್ಣು ಆಗ ತುಂಬಿ ಹರಿಯತೊಡಗಿತು. ಅವನು ಇನ್ನಷ್ಟು ಬಿಗಿಹಿಡಿದ.

“ನೋಯ್ತಿದೆ ಅನ್ನೇ,” ಎಂದ. “ಒಂದೇ ಒಂದ್ಸಲ ಅನ್ನು.”