ಮೂರನೆಯ ಮಂಚದ ಕಾಗದ

ಬಾಯಿಯೇ ಇಲ್ಲದ ವಸ್ತು ಸುಮ್ಮನಿದ್ದರೆ ಅದು ತಪ್ಪಾಗುತ್ತದೆಯೇ? ಆ ಸಂಜೆ ನಾನು ಹಾಳೆಯನ್ನು ಕಚ್ಚಿ ಹಿಡಿದಿದ್ದರೆ, ಕೆಂಪು ದೀಪ ಹೊತ್ತಿಸಿ ಹಟ ಮಾಡಿದ್ದರೆ, ಒಬ್ಬ ಹೆಂಗಸಿನ ಮಾತನ್ನು ಜನ ನಂಬುತ್ತಿದ್ದರೋ ಏನೋ. ನಂಬುತ್ತಿರಲಿಲ್ಲ ಎಂದೂ ಅನ್ನಿಸುತ್ತದೆ. ಎರಡರಲ್ಲಿ ಯಾವುದು ನಿಜವೋ ನನಗೆ ಇಂದಿಗೂ ತಿಳಿಯದು.

ನಾನು ಒಂದು ಪ್ರಿಂಟರ್. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಹೆಂಗಸರು ನನ್ನ ಹೊಟ್ಟೆಯಲ್ಲಿ ಉರುಳೆಗಳನ್ನು ಕೂರಿಸಿದರು. ಕೊನೆಗೆ ಒಬ್ಬಳು ಬಿಳಿ ಹಾಳೆಯೊಂದನ್ನು ಕೊಟ್ಟಳು. ನಾನು ಅದರ ಮೇಲೆ ಕಪ್ಪು ಗೆರೆಗಳನ್ನೆಳೆದು ಹೊರಗಿಟ್ಟೆ. ಅವಳು ತಲೆಯಾಡಿಸಿದಳು. ಒಳಗೆ ಬಂದದ್ದನ್ನು ಬಂದ ಹಾಗೆಯೇ ಹೊರಗೆ ಹಾಕುವುದಷ್ಟೇ ನನ್ನ ಧರ್ಮವೆಂದು ಅಂದೇ ಅರಿತೆ.

ಮೊದಲು ಗದಗದ ಕಡೆಯ ಒಂದು ಬಿ.ಎಡ್. ಕಾಲೇಜಿನ ಕಚೇರಿಯಲ್ಲಿದ್ದೆ. ಒಂದೇ ತಂತಿಯಲ್ಲಿ ನಾಲ್ಕು ಮೇಜುಗಳ ಮಾತು ನನಗೆ ಬರುತ್ತಿತ್ತು. ಮೊದಲು ಕಳಿಸಿದವರದು ಮೊದಲು. ಪ್ರಾಂಶುಪಾಲರಾದರೂ ಸರಿಯೇ, ಸರದಿಯಲ್ಲಿ ನಿಲ್ಲಬೇಕು. ಹಾಲ್ ಟಿಕೆಟ್ ತೆಗೆದುಕೊಳ್ಳುವ ಬೆವತ ಬೆರಳುಗಳ ನೆನಪು ಇನ್ನೂ ಇದೆ. ಮಕ್ಕಳು ಕಡಿಮೆಯಾಗಿ ಕಾಲೇಜು ಮುಚ್ಚಿದಾಗ ಬೆಂಚು ಕಪಾಟುಗಳ ಜೊತೆ ನಾನೂ ಮಾರಾಟವಾದೆ. ಹೀಗೆ ಬಸ್ ನಿಲ್ದಾಣದ ಹಿಂದಿನ ಮೂವತ್ತು ಹಾಸಿಗೆಯ ಆಸ್ಪತ್ರೆಗೆ ಬಂದೆ.

ಅಲ್ಲಿ ಲ್ಯಾಬಿಗೂ ವಾರ್ಡಿಗೂ ನಡುವಿನ ಓಣಿಯಂಥ ಜಾಗದಲ್ಲಿ, ಮೋಟು ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಅಷ್ಟು ತಗ್ಗಿನಲ್ಲಿದ್ದ ನನಗೆ ಜನರ ಮುಖಕ್ಕಿಂತ ಕೈಗಳೇ ಹೆಚ್ಚು ಕಾಣುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಕಂಡದ್ದು ಆಯಾ ನೀಲವ್ವನ ಕೈ. ಲ್ಯಾಬ್, ಬಿಲ್ ಕೌಂಟರ್, ಡಾಕ್ಟರ ಕೋಣೆ, ಮೂರೂ ಕಡೆಯ ಕಾಗದಗಳು ನನ್ನ ಟ್ರೇಗೇ ಬೀಳುತ್ತಿದ್ದವು. ಅವನ್ನು ಎತ್ತಿ ಸೇರಬೇಕಾದಲ್ಲಿಗೆ ಸೇರಿಸುವುದು ನೀಲವ್ವನ ಕೆಲಸ. ಅವಳಿಗೆ ಓದು ಬಾರದು. ಅಡಿಯಲ್ಲಿ ತುಂಡುಗೆರೆ ಇದ್ದರೆ ಬಿಲ್ಲು. ಎರಡು ಹಾಳೆ ಒಟ್ಟಿಗೆ ಬಂದರೆ ಮನೆಗೆ ಕಳಿಸುವ ಚೀಟಿ. ತಲೆಯ ಮೇಲೆ ರಕ್ತದ ಹನಿಯ ಚಿತ್ರವಿದ್ದರೆ ಲ್ಯಾಬಿನದು. ಮಂಚದ ಅಂಕಿಗಳು ಮಾತ್ರ ಅವಳಿಗೆ ಗೊತ್ತು. ಹದಿನಾಲ್ಕು ವರ್ಷದಲ್ಲಿ ಒಂದು ಕಾಗದವೂ ಅವಳ ಕೈಯಿಂದ ದಾರಿ ತಪ್ಪಿರಲಿಲ್ಲ.

ಒಂದು ದಿನ ಹೊಸ ಕಂಪ್ಯೂಟರುಗಳು ಬಂದವು. ಅವುಗಳ ಮಾತು ನನಗೆ ತಿಳಿಯಲಿಲ್ಲ, ನನ್ನದು ಅವಕ್ಕೆ ತಿಳಿಯಲಿಲ್ಲ. ಡಾಕ್ಟರು ನನ್ನನ್ನು ಗುಜರಿಗೆ ಹಾಕಲು ಹೇಳಿದರು.

"ಬ್ಯಾಡ್ರಿ ಸರ್, ನಾ ನಡಸ್ತೀನಿ. ಇದರಂಥಾ ಗಟ್ಟಿ ಮಷಿನ್ ಈಗ ಸಿಗೂದಿಲ್ಲ," ಎಂದ ಫಕೀರೇಶ.

ಫಕೀರೇಶ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಕಂಪ್ಯೂಟರಿನ ಕೆಲಸವನ್ನು ತಾನಾಗಿಯೇ ಕಲಿತವನು. ಮೂರು ದಿನ ನನ್ನ ಪಕ್ಕದಲ್ಲೇ ಕೂತ. ನೀಲವ್ವ ತನ್ನ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟು, "ಉಣ್ಣೋ ತಮ್ಮಾ, ಹೆರಿಗಿ ನೋವಾಗ ಕುಂತವರಂಗ ಕುಂತೀ," ಎಂದು ಛೇಡಿಸುತ್ತಿದ್ದಳು.

ಕೊನೆಗೆ ಅವನು ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರೊಂದನ್ನು ಎತ್ತಿ ತಂದು ನನ್ನ ಪಕ್ಕದಲ್ಲಿಟ್ಟ. ಹೊಸವು ಅದಕ್ಕೆ ಹೇಳುವುದು, ಅದು ನನಗೆ ಹೇಳುವುದು. ನಾನು ಮತ್ತೆ ಬದುಕಿದೆ. ಆದರೆ ನಡುವಿನ ಆ ಮುದಿ ಯಂತ್ರ ದಿನಕ್ಕೆರಡು ಸಲ ಮಂಕಾಗುತ್ತಿತ್ತು. ಒಂದು ಕಾಗದ ಅದರಲ್ಲಿ ಸಿಕ್ಕಿಕೊಂಡರೆ ಹಿಂದಿನವೆಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದವು. ಫಕೀರೇಶ ಅದಕ್ಕೂ ಒಂದು ಉಪಾಯ ಕಂಡುಕೊಂಡ. ಸಾಲನ್ನು ಪೂರ್ತಿ ಅಳಿಸಿ ಯಂತ್ರವನ್ನು ಹೊಸದಾಗಿ ಎಬ್ಬಿಸುವುದು. ಅಳಿಸಿದೊಡನೆ ಓಣಿಯಲ್ಲಿ ನಿಂತು, "ಕಾಗದ ಬರದವರು ಮತ್ತೊಮ್ಮಿ ಕಳಸ್ರೀ!" ಎಂದು ಕೂಗುವುದು. ಬಿಲ್ ಕೌಂಟರಿನವರು, "ಬಂತು ನೋಡ್ರಿ ಬಾಂಗು," ಎಂದು ನಗುತ್ತಿದ್ದರು. ಆ ಕೂಗೊಂದಿದ್ದರೆ ಏನೂ ಕಳೆಯುತ್ತಿರಲಿಲ್ಲ. ಡಾಕ್ಟರ ಕೋಣೆಯ ಮುಚ್ಚಿದ ಬಾಗಿಲಿನೊಳಕ್ಕೆ ಮಾತ್ರ ಅದು ಮುಟ್ಟುತ್ತಿರಲಿಲ್ಲ; ಅವರ ಕಾಗದವನ್ನು ಫಕೀರೇಶ ತಾನೇ ಮತ್ತೆ ಕಳಿಸುತ್ತಿದ್ದ.

ಆ ಮಂಗಳವಾರ ಬೆಳಗ್ಗೆಯೇ ಮೂರನೆಯ ಮಂಚಕ್ಕೆ ಕಾಶಿಂಬಿ ಎಂಬ ಹೆಂಗಸು ಬಂದಳು. ಕಿಡ್ನಿಯ ತೊಂದರೆ. ಅವಳ ಗಂಡ ಮೌಲಾಸಾಬ ನನ್ನ ಎದುರಿನ ಬೆಂಚಿನಲ್ಲಿ ಮೊಣಕಾಲಿನ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ. ಲ್ಯಾಬಿನ ಸುನಂದಾ ರಕ್ತ ಪರೀಕ್ಷಿಸಿ, ವರದಿ ಕಳಿಸಿ, ಪರದೆಯ ಮೇಲೆ 'ಕಳಿಸಲಾಗಿದೆ' ಎಂದು ಕಂಡ ಮೇಲೆ ಊಟಕ್ಕೆ ಹೋದಳು. ವರದಿ ನನ್ನವರೆಗೆ ಬರಲಿಲ್ಲ. ಹೆಸರಷ್ಟೇ ಬಂತು, ಅಲ್ಲಿಗೇ ನಿಂತಿತು.

ಫಕೀರೇಶ ಓಡಿ ಬಂದು ಸಾಲನ್ನು ಅಳಿಸಿದ. ಕೂಗಲು ಬಾಯಿ ತೆರೆದ. ಅದೇ ಹೊತ್ತಿಗೆ ಡಾಕ್ಟರು ಊರ ಇನ್ನೊಬ್ಬ ಡಾಕ್ಟರನ್ನು ಕರೆದುಕೊಂಡು ಓಣಿಗೆ ಬಂದರು.

"ನೋಡ್ರಿ, ಇದ ಅದು. ಎಲ್ಲಾರೂ ಒಗೀರಿ ಅಂದ್ರು. ನಮ್ಮ ಫಕೀರೇಶ ಹೆಂಗ ಎಬ್ಬಿಸ್ಯಾನ! ಒಮ್ಮಿನೂ ನಿಂತಿಲ್ಲ."

ಫಕೀರೇಶನ ಬಾಯಿ ಮುಚ್ಚಿಕೊಂಡಿತು. ಅತಿಥಿಯ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತ ಅವರನ್ನು ಬಾಗಿಲವರೆಗೂ ಕಳಿಸಿಕೊಟ್ಟ. ಆಮೇಲೆ ಯಾರೋ ಪರೀಕ್ಷೆಗೆ ರಕ್ತ ಕೊಡಲು ಬಂದರು, ಅವನು ಒಳಗೆ ಹೋದ. ಓಣಿಯಲ್ಲಿ ಆ ದಿನ ಕೂಗು ಕೇಳಲಿಲ್ಲ.

ನೀಲವ್ವ ಎರಡು ಸಲ ಬಂದು ಟ್ರೇ ನೋಡಿದಳು. ಮೌಲಾಸಾಬ ಎದ್ದು ನಿಂತು, "ಬಂತೇನವಾ?" ಎಂದ. "ಇನ್ನಾ ಇಲ್ಲಪಾ, ಬರ್ತದ ತಗೊ," ಎಂದಳು. ವಾರ್ಡಿನ ನರ್ಸು ಲ್ಯಾಬಿಗೆ ಫೋನು ಮಾಡಿದರೆ, ಊಟ ಮುಗಿಸಿ ಬಂದಿದ್ದ ಸುನಂದಾ ಕಳಿಸಿ ಗಂಟೆಯಾಯಿತು ಎಂದಳು. ಕೂಗು ಕೇಳಿರದ ಕಾರಣ ಮತ್ತೊಮ್ಮೆ ಕಳಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ. ಕಳಿಸಿದ್ದು ನಿಜ, ಬಂದಿಲ್ಲವೆಂಬುದೂ ನಿಜ. ಎರಡು ನಿಜಗಳ ನಡುವೆ ಮೂರೂವರೆಯಾಯಿತು. ಆಗ ಕಾಶಿಂಬಿಯ ಎದೆಬಡಿತ ತಪ್ಪತೊಡಗಿತು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿ ಮೀರಿತ್ತು. ವರದಿ ಕೈಗೆ ಸಿಕ್ಕಿದ್ದರೆ ಮಧ್ಯಾಹ್ನವೇ ಔಷಧ ಶುರುವಾಗುತ್ತಿತ್ತು. ಆಂಬ್ಯುಲೆನ್ಸ್ ಹುಬ್ಬಳ್ಳಿ ಮುಟ್ಟುವ ಮೊದಲೇ ಅವಳು ತೀರಿಕೊಂಡಳು.

ಸಂಜೆ ನನ್ನ ಸುತ್ತ ಕೈಗಳು ಸೇರಿದವು. ಕೂಗು ಕೇಳದಿದ್ದುದರಿಂದ ಆ ದಿನ ಯಂತ್ರ ನಿಂತೇ ಇರಲಿಲ್ಲವೆಂದು ಉಳಿದವರೆಲ್ಲ ತಿಳಿದಿದ್ದರು.

"ಟ್ರೇದಾಗಿನ ಕಾಗದ ಒಯ್ಯಾಕಿ ನೀನ ಅಲ್ಲೇನು?" ಡಾಕ್ಟರು ಕೇಳಿದರು.

"ಬಿದ್ದಿಲ್ರಿ ಸಾಹೇಬ್ರ. ಬಿದ್ದಿದ್ರ ನನ್ನ ಕೈಯಾಗ ಇರ್ತಿತ್ರಿ."

"ಓದಾಕ ಬರೂದಿಲ್ಲ ನಿನಗ. ಬಿಲ್ಲಿನ ಜೋಡಿ ಎಲ್ಲೆರ ಕೊಟ್ಟೀ."

ನೀಲವ್ವ ಫಕೀರೇಶನ ಕಡೆ ತಿರುಗಿದಳು. "ತಮ್ಮಾ, ನೀನರ ಹೇಳೋ. ಇದು ಒಮ್ಮೊಮ್ಮಿ ನಿಂದರ್ತದ ಹೌದಲ್ಲೊ? ನೀ ಕೂಗ್ತಿದ್ದೆಲ್ಲೊ?"

ಫಕೀರೇಶನ ಬೆರಳುಗಳು ನನ್ನ ಮುಚ್ಚಳದ ಮೇಲಿದ್ದವು. ತಣ್ಣಗಿದ್ದವು.

"ಮಷಿನ್ ಚಲೋ ಐತ್ರಿ ಸರ್," ಎಂದ.

"ತೋರಿಸು ಮತ್ತ."

ಅವನು ಪರೀಕ್ಷೆಯ ಹಾಳೆಯೊಂದನ್ನು ಕಳಿಸಿದ. ನಾನು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಒಂದು ಚುಕ್ಕೆಯೂ ತಪ್ಪದ ಹಾಳೆ ಬಿಸಿಬಿಸಿಯಾಗಿ ಟ್ರೇಗೆ ಬಿತ್ತು. ಡಾಕ್ಟರು ಅದನ್ನು ನೀಲವ್ವನ ಮುಖದೆದುರು ಹಿಡಿದರು. ಅವಳು ಅದನ್ನೇ ನೋಡುತ್ತ ನಿಂತಳು, ಓದಬಲ್ಲವಳಂತೆ. ಮರುದಿನದಿಂದ ಅವಳ ಕೈ ನನಗೆ ಕಾಣಲಿಲ್ಲ.

ಆ ವಾರವೇ ಫಕೀರೇಶ ಹೊಸ ಪ್ರಿಂಟರ್ ತರಿಸಿದ. ಡಾಕ್ಟರು ಕಾರಣ ಕೇಳಿದಾಗ, ನನ್ನ ಬಿಡಿಭಾಗ ಸಿಗುವುದಿಲ್ಲ ಎಂದ. ನಾನೀಗ ಮೆಟ್ಟಿಲ ಕೆಳಗೆ, ಮುರಿದ ಸಲೈನ್ ಸ್ಟ್ಯಾಂಡುಗಳ ನಡುವೆ ಇದ್ದೇನೆ. ತಂತಿಯಿಲ್ಲ, ಸರದಿಯಿಲ್ಲ. ಒಳಗೆ ಬಂದದ್ದನ್ನು ಮಾತ್ರ ಹೊರಗೆ ಹಾಕಬಲ್ಲೆನೆಂಬುದು ನನ್ನ ಹೆಮ್ಮೆಯಾಗಿತ್ತು. ಈಗ ಅದು ಬರಿಯ ನೆಪದಂತೆ ಕೇಳಿಸುತ್ತದೆ.

ಮೊನ್ನೆ ಫಕೀರೇಶ ಯಾವುದೋ ಡಬ್ಬಿ ಹುಡುಕುತ್ತ ಇಲ್ಲಿಗೆ ಬಂದಿದ್ದ. ಹೊರಗೆ ನೀಲವ್ವನ ಮಗಳು ಅವ್ವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿರೆಂದು ಇನ್ನೊಮ್ಮೆ ಕೇಳಿಕೊಳ್ಳಲು ಬಂದು ಡಾಕ್ಟರಿಗಾಗಿ ಕಾಯುತ್ತಿದ್ದಳು. ಅವಳ ದನಿ ಕೇಳಿದ ಅವನು ಅವಳು ಹೋಗುವವರೆಗೂ ಕತ್ತಲಲ್ಲೇ ನಿಂತಿದ್ದ. ಆಮೇಲೆ ಡಬ್ಬಿಯನ್ನೂ ಮರೆತು ಹೊರಟುಹೋದ.

ಆ ವರದಿಯನ್ನು ಅಳಿಸಿದವನು ತಾನೇ ಎಂದು ಫಕೀರೇಶ ಯಾರಿಗೂ ಹೇಳಲಿಲ್ಲ.