ಬೋರಾಮಣಿಗೆ ಬಂದ ಕ್ಯಾನ್ಸರ್ ಗಾಡಿ

ಸೂಜಿ ಹಾಕಿದರೆ ರೋಗ ಹೋಗುತ್ತದೆ ಎಂಬುದು ನಮ್ಮ ಮನೆಯವರ ಗಟ್ಟಿ ನಂಬಿಕೆ. ಕುರಿಗೆ ಹಾಕಿದರೂ ಅಷ್ಟೇ, ಮನುಷ್ಯರಿಗೆ ಹಾಕಿದರೂ ಅಷ್ಟೇ. ನಮ್ಮಪ್ಪ ಅಮೋಗಸಿದ್ಧ, ಬರೀ ಗುಳಿಗೆ ಕೊಟ್ಟು ಕಳಿಸುವವನನ್ನು ಡಾಕ್ಟರೆಂದೇ ಒಪ್ಪುವುದಿಲ್ಲ. ಈ ನಂಬಿಕೆಗೆ ನಮ್ಮವ್ವ ಸೋಮವ್ವ ಬಲಿಯಾದಳು.

ತೊಂಬತ್ತಾರನೇ ಇಸವಿ, ದೀಪಾವಳಿಗೆ ಮುಂಚೆ ಸೊಲ್ಲಾಪುರದಿಂದ ಕ್ಯಾನ್ಸರ್ ತಪಾಸಣೆಯ ಗಾಡಿ ಮೊದಲ ಸಲ ಬೋರಾಮಣಿಗೆ ಬಂತು. ಅವ್ವನ ಎದೆಯಲ್ಲಿ ಹುಣಸೆಬೀಜದಷ್ಟು ಗಂಟಿತ್ತು. ಗಾಡಿಯ ಡಾಕ್ಟರು ಅದಕ್ಕೆ ಸೂಜಿ ಚುಚ್ಚಿ, ಮರಾಠಿಯಲ್ಲಿ ಏನೋ ಹೇಳಿ, ಮುಂದಿನವರನ್ನು ಕರೆದರಂತೆ. ಆ ಸೂಜಿ ಔಷಧ ಹಾಕುವುದಲ್ಲ, ಪರೀಕ್ಷೆಗೆಂದು ಗಂಟಿನೊಳಗಿಂದ ಒಂದಿಷ್ಟು ತೆಗೆಯುವುದು. ಅವರು ಹೇಳಿದ್ದು, ಮುಂದಿನ ವಾರ ಸೊಲ್ಲಾಪುರದ ಆಸ್ಪತ್ರೆಗೆ ಬನ್ನಿ ಎಂದು. ಅಪ್ಪ ಅವ್ವನಿಗೆ ಬರುವ ಮರಾಠಿ ಸಂತೆಯಲ್ಲಿ ಕುರಿ ಮಾರುವಷ್ಟು ಮಾತ್ರ. ನಾನೋ ಅಕ್ಕಲಕೋಟದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಹೆಂಡತಿ ಗುಣವಾದಳೆಂದು ಅಪ್ಪ ನಮ್ಮ ದೇವರು ಬೀರೋಬಾನಿಗೆ ಅರಿಶಿನದ ಭಂಡಾರ ಹಾರಿಸಿದ, ಹಟ್ಟಿಗೆಲ್ಲ ಸಕ್ಕರೆ ಹಂಚಿದ, ಅವ್ವನನ್ನೂ ಕುರಿಯನ್ನೂ ಕರೆದುಕೊಂಡು ಮೇವಿಗೆಂದು ಸೀನಾ ಹೊಳೆಯ ದಂಡೆಗೆ ಹೊರಟುಹೋದ. ಗಂಟು ನೋಯುತ್ತಿರಲಿಲ್ಲ. ನೋಯದ್ದನ್ನು ಯಾರು ಕೇಳುತ್ತಾರೆ?

ಬೇಸಿಗೆಯಲ್ಲಿ ಗಾಡಿ ಮತ್ತೆ ಬಂತು. ಈ ಸಲ ಇನ್ನೂ ದೊಡ್ಡ ಗಾಡಿ, ಒಳಗೆ ಮಂಚ, ಸಲೈನ್ ಬಾಟಲಿ, ಔಷಧ ಎಲ್ಲ ಇದ್ದವು. ಇನ್ನು ಮೇಲೆ ತಿಂಗಳಿಗೊಮ್ಮೆ ಬಂದು ಊರಲ್ಲೇ ಚಿಕಿತ್ಸೆ ಕೊಡುತ್ತಾರೆಂದು ಡಂಗುರ ಸಾರಿದ್ದರು. ಅವ್ವನಿಗೆ ಹಿಗ್ಗೋ ಹಿಗ್ಗು. ಕ್ಯಾನ್ಸರ್ ಅಂದರೆ ಸೆರಗೆಳೆದುಕೊಂಡು ಓಡುವ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬಂದಳು. ಆಕೆಯ ನೆಗೆಣ್ಣಿ ಗುರಮ್ಮ ಕಾಕಿಗೆ ಹೊಸದಾಗಿ ಗಂಟು ಕಂಡಿತ್ತು. ಅವಳನ್ನಂತೂ ರಟ್ಟೆ ಹಿಡಿದು ಎಳೆದೇ ತಂದಿದ್ದಳು.

"ಹೆದರತಿ ಯಾಕ? ನನ್ನ ನೋಡು. ಒಂದ ಸೂಜಿಗೆ ಆರಾಮ ಆಗೀನಿ."

ರಜೆಗೆ ಬಂದಿದ್ದ ನನ್ನನ್ನೂ ಕರೆದುಕೊಂಡು ಅವ್ವನೇ ಮೊದಲು ಗಾಡಿ ಹತ್ತಿದಳು. ಈ ಸಲದ ಡಾಕ್ಟರು ಅನುಜಾ ಬಾಯಿ, ಹೊಸಬರು. ಎದೆ, ಕಂಕುಳು, ಕುತ್ತಿಗೆ, ಹೊಟ್ಟೆ ಎಲ್ಲ ಮುಟ್ಟಿ ನೋಡಿದರು. ಹಳೆಯ ಕಾಗದ ತೆಗೆಸಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ರೋಗ ಆಗಲೇ ಗೊತ್ತಾಗಿತ್ತು, ಆಸ್ಪತ್ರೆಯಲ್ಲಿ ದಾರಿ ಕಾದರು, ಇವರು ಬರಲೇ ಇಲ್ಲ. ಆಗ ಬಂದಿದ್ದರೆ ಉಳಿಸಬಹುದಿತ್ತು. ಈಗ ಹೊಟ್ಟೆಯೊಳಗೂ ಇಳಿದಿದೆ. ನೋವು ಕಡಿಮೆ ಮಾಡಬಹುದು, ಅಷ್ಟೇ.

"ಔಷಧ ಕೊಡ್ತಾರಂತ, ಯವ್ವಾ" ಎಂದೆ.

"ಬಾಯಾರು ಅಷ್ಟುದ್ದ ಹೇಳ್ಯಾರ, ನೀ ಇಷ್ಟ ಹೇಳ್ತಿ. ಉಳದದ್ದು ಎಲ್ಲಿ ಇಟ್ಟಿ?"

ಹೇಳಿದೆ. ಎಲ್ಲ ಹೇಳಿದೆ. ಹೆತ್ತ ತಾಯಿಗೆ ಸಾವಿನ ಸುದ್ದಿ ಹೇಳುವುದಕ್ಕೇ ನಾನು ಮರಾಠಿ ಕಲಿತೆನೇನೋ ಅನ್ನಿಸಿತು. ಅವ್ವ ಕುಬಸದ ಗುಂಡಿ ಹಾಕಿಕೊಳ್ಳುತ್ತ ಕೇಳಿದಳು.

"ಮತ್ತ ಇಷ್ಟು ದಿನ ನಾ ಹ್ಯಾಂಗ ಆರಾಮ ಇದ್ದೆ, ಪ್ರಣಿತಾ?"

ಅವಸರದಲ್ಲಿ ಮಾತು ಮುಗಿಸಿದ ಆ ಮೊದಲ ಡಾಕ್ಟರ ಮೇಲೆ ಸಿಟ್ಟು, ಸಕ್ಕರೆ ಹಂಚಿದ ಅಪ್ಪನ ಮೇಲೆ ಸಿಟ್ಟು, ಆರು ತಿಂಗಳು ತಡವಾಗಿ ಬಂದ ಈ ಮಂಚ, ಈ ಬಾಟಲಿಗಳ ಮೇಲೂ ಸಿಟ್ಟು. ಗೋಳೋ ಎಂದು ಅತ್ತುಬಿಟ್ಟೆ. ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಸುಮ್ಕಿರು. ಹೊರಗ ಕೇಳಸ್ತದ. ಕರಕೊಂಡು ಬಂದೀನಿ, ಎಲ್ಲಾರೂ ಎದ್ದು ಹೋಗ್ತಾರ."

ಅವ್ವ ಮಳೆಗಾಲ ಕಾಣಲಿಲ್ಲ. ಗುರಮ್ಮ ಕಾಕಿಗೆ ಸೊಲ್ಲಾಪುರದಲ್ಲಿ ಒಂದು ಆಪರೇಷನ್ ಆಯಿತು. ಆಮೇಲಿನ ಕ್ಯಾನ್ಸರ್ ಔಷಧದ ಸಲೈನ್ ಎಲ್ಲ ಬೋರಾಮಣಿಯಲ್ಲೇ, ಆ ಗಾಡಿಯ ಮಂಚದ ಮೇಲೆ ಮಲಗಿ ಹಾಕಿಸಿಕೊಂಡಳು. ಅದಕ್ಕಾಗಿ ಮುಂಬಯಿಯ ಆಸ್ಪತ್ರೆಗೆ ಹೋಗು ಅಂದಿದ್ದರೆ ಅವಳು ಖಂಡಿತ ಹೋಗುತ್ತಿರಲಿಲ್ಲ. ಇವತ್ತಿಗೂ ಕುರಿ ಹಿಂದೆ ತಿರುಗುತ್ತಾಳೆ. ಅವಳನ್ನು ಕಂಡಾಗ ನನಗೆ ಸಂತೋಷವಾಗುತ್ತದೆ, ಹೊಟ್ಟೆ ಉರಿಯೂ ಆಗುತ್ತದೆ. ಸುಳ್ಳು ಯಾಕೆ ಹೇಳಲಿ.

ನಾನು ಅತ್ತ ಆ ದಿನ ಕಣ್ಣೊರೆಸಿಕೊಂಡು ಅವ್ವ ಗಾಡಿಯ ಬಾಗಿಲಲ್ಲಿ ನಿಂತಳು. ಕೆಳಗಿನ ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

"ಏನಂದ್ರ ಅಕ್ಕಾ?" ಎಂದಳು ಕಾಕಿ.

"ಬಾಯಾರು ಛಲೋ ಅದಾರ. ಬಾ ಒಳಗ."

ಕಾಕಿಯನ್ನು ಮಂಚದ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಳು. ಅನುಜಾ ಬಾಯಿ ಸೂಜಿ ಎತ್ತಿಕೊಂಡರು. ಅವ್ವ ಅವರ ಮಣಿಕಟ್ಟು ಹಿಡಿದಳು.

"ತಡೀರಿ ಬಾಯಾರ."

ಆಮೇಲೆ ನನ್ನ ಕಡೆ ತಿರುಗಿದಳು. "ಸೂಜಿ ಯಾತಕ ಅಂತ ಮೊದಲ ಇಕಿಗಿ ಹೇಳು, ಪ್ರಣಿತಾ. ಪೂರಾ ಹೇಳು."