ಗ್ಲಾಸಿನ ತಳದ ಚುಕ್ಕೆ

ಐದು ಗ್ಲಾಸುಗಳಲ್ಲಿ ಒಂದರ ತಳದಲ್ಲಿ ಮಾತ್ರ ಕೆಂಪು ಚುಕ್ಕೆ ಇತ್ತು. ಸಾಸಿವೆ ಕಾಳಿನಷ್ಟು. ಸೋಪಿನ ಜಿಡ್ಡೇನಾದರೂ ಉಳಿದಿದೆಯೇ ಎಂದು ವಿಶಾಖಾ ಗ್ಲಾಸನ್ನು ಬೋರಲಾಗಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಅದು ಕಣ್ಣಿಗೆ ಬಿತ್ತು. ಉಗುರಿನಿಂದ ಕೆರೆದಳು, ಹೋಗಲಿಲ್ಲ. ಕಾರ್ಖಾನೆಯ ಗುರುತಿರಬೇಕು ಎಂದುಕೊಂಡು ಉಳಿದವುಗಳ ಸಾಲಿನಲ್ಲೇ ಇಟ್ಟಳು. ಮೂರು ವರ್ಷದಿಂದ ಪ್ರಯೋಗಾಲಯದ ಸೀಸೆಗಳಿಗೆಲ್ಲ ತಾನೇ ಗುರುತು ಹಾಕುತ್ತಾ ಬಂದವಳಿಗೆ ಒಂದು ಗುರುತು ಕಂಡರೆ ಅನುಮಾನ ಹುಟ್ಟುವುದಿಲ್ಲ.

ಗುರುಪಾದಯ್ಯನವರ ವೈನ್ ಘಟಕ ತಿಕೋಟಾದ ಹೊರಗೆ, ಬಬಲೇಶ್ವರದ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ವಿಶಾಖಾ ಅಲ್ಲಿಯ ಕೆಮಿಸ್ಟ್. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಹುಟ್ಟಿದ್ದು ನಿಡೋಣಿಯ ಬುದ್ಧ ವಿಹಾರದ ಓಣಿಯಲ್ಲಿ. ಈಗ ತಾಯಿ ರುಕ್ಮವ್ವನ ಜೊತೆ ವಿಜಯಪುರದ ಜಲನಗರದಲ್ಲಿ ಬಾಡಿಗೆ ಮನೆ. ಪ್ರತಿ ಟ್ಯಾಂಕಿನ ವೈನನ್ನೂ ಮೊದಲು ಬಾಯಿಗೆ ಹಾಕಿಕೊಳ್ಳುವವಳು ಅವಳೇ. ಹುಳಿ ಹೆಚ್ಚಾಯಿತೇ, ಯೀಸ್ಟು ಸೊರಗಿತೇ ಎಂದು ಉಪಕರಣ ತೋರಿಸುವ ಮೊದಲೇ ಅವಳ ನಾಲಿಗೆ ಹೇಳುತ್ತಿತ್ತು. ಆದರೆ ಯಾವ ವೈನು ಒಳ್ಳೆಯದು ಎಂದು ತೀರ್ಮಾನಿಸುವ ಹೊತ್ತಿಗೆ ಕುರ್ಚಿಯ ಮೇಲೆ ಕೂಡುತ್ತಿದ್ದವರು ಬೇರೆ. ಅವಳು ನಿಂತು ಬರೆದುಕೊಳ್ಳುತ್ತಿದ್ದಳು.

ಈ ಸಲ ಹಾಗಲ್ಲ. ನಿಡೋಣಿಯ ಶಾಂತಪ್ಪ ತನ್ನ ಎಂಟು ಎಕರೆಯ ಮನೂಕ, ಅಂದರೆ ಒಣದ್ರಾಕ್ಷಿ, ಬಳ್ಳಿಗಳಿಗೆ ವೈನ್ ತಳಿ ಕಸಿ ಕಟ್ಟಿಸಲು ಒಪ್ಪಿದ್ದ. ಯಾವ ತಳಿ ಎಂದು ಗೊತ್ತುಮಾಡಲು ಗುರುಪಾದಯ್ಯನವರು ಆಸ್ಟ್ರೇಲಿಯಾದ ಹತ್ತು ಬಾಟಲಿ ತರಿಸಿದ್ದರು. ಐದು ತಳಿ, ಒಂದೊಂದರದೂ ಎರಡೆರಡು.

"ಐದ ಮಂದಿ ಕುಂಡರೂನು," ಎಂದು ಅವರೇ ಹೇಳಿದ್ದರು. "ನಾ, ನಮ್ಮ ಸಂಗು, ಹೊಟೇಲಿನ ಸುಭಾಷ, ಶಾಂತಪ್ಪ, ನೀ. ನಿನ್ನ ಮಾರ್ಕೂ ನಮ್ಮ ಮಾರ್ಕಿನಷ್ಟ. ಆದ್ರ ಬಾಟ್ಲಿ ನೋಡಿ ಮಾರ್ಕ ಹಾಕೂದ ನಡಿಯಾಂಗಿಲ್ಲ. ಮೂಸಿ, ರುಚಿ ನೋಡಿದವರಿಗಷ್ಟ ಹಾಕೂ ಹಕ್ಕ. ಹಂಗಂತ ಹಾಳಿ ಮ್ಯಾಲ ಬರದ ಬಿಡು."

ವಿಶಾಖಾ ಹಾಳೆಯ ತಲೆಯ ಮೇಲೆ ಅದನ್ನು ಬರೆದಿದ್ದಳು. ಕೆಳಗೆ ಐದು ಹೆಸರು. ಐದನೆಯದು ಅವಳದು. ಬರೆಯುವಾಗ ಕೈ ಸ್ವಲ್ಪ ನಿಧಾನವಾಗಿತ್ತು.

ಹತ್ತು ಗಂಟೆಗೆ ಎಲ್ಲರೂ ಮೇಜಿನ ಸುತ್ತ ಕೂತರು. ಮೊದಲ ಬಾಟಲಿಗೆ ಕಾರ್ಕಿನ, ಅಂದರೆ ಬೆಂಡಿನ, ಬಿರಡೆ ಇರಲಿಲ್ಲ. ತಿರುಗಿಸಿದರೆ ಬರುವ ತಗಡಿನ ಮುಚ್ಚಳ. ಸುಭಾಷ ಮೂಗು ಮುರಿದ.

"ಏನ್ರಿ ಅಯ್ಯಾರ, ಕ್ವಾರ್ಟರ್ ಬಾಟ್ಲಿ ಇದ್ದಂಗ ಐತಿ. ಸಮುದ್ರ ದಾಟಿ ಬಂದದ್ದೋ, ಸ್ಟ್ಯಾಂಡ್ ಹಿಂದಿನ ಅಂಗಡ್ಯಾಗಿಂದೋ?"

"ಅವರ ದೇಶದಾಗ ಚೊಲೋ ವೈನಿಗೂ ಇದ ಮುಚ್ಚಳರಿ," ಎಂದಳು ವಿಶಾಖಾ. "ಮೊದಲ ಗ್ಲಾಸ ತಿರುವಿ ಮೂಸ್ರಿ. ಆಮ್ಯಾಲ ಒಂದ ಗುಟುಕು ಬಾಯಾಗ ಆಡಿಸಿ, ಬಕೆಟ್ಟಿನ್ಯಾಗ ಉಗಳ್ರಿ."

"ಉಗಳೂದ ಚೊಲೋ ಆತು," ಎಂದರು ಗುರುಪಾದಯ್ಯನವರು. ಹಣೆಯ ಮೇಲೆ ವಿಭೂತಿಯ ಮೂರು ಪಟ್ಟೆ. "ನುಂಗಲಿಲ್ಲಂದ್ರ ಕುಡದಂಗಲ್ಲ."

ಶಾಂತಪ್ಪ ಮಾತ್ರ ರೂಢಿಯಂತೆ ತಲೆ ಹಿಂದಕ್ಕೆ ಬಾಗಿಸಿ, ಗ್ಲಾಸಿಗೆ ತುಟಿ ತಾಗಿಸದೆ ಎತ್ತಿ ಸುರಿದುಕೊಂಡ. ಎಂಜಲಾಗಬಾರದೆಂದು ನೀರು ಕುಡಿಯುವ ಹಾಗೆ.

"ಕಾಕಾ, ಹಂಗ ಸುರಕೊಂಡ್ರ ಮೂಗಿಗೆ ಏನೂ ಹತ್ತಂಗಿಲ್ಲ. ತುಟಿ ಹಚ್ಚಬೇಕ್ರಿ."

"ಎಪ್ಪತ್ತ ವರ್ಷ ಹಚ್ಚಿಲ್ಲ ತಂಗಿ. ಇವತ್ತ ಹಚ್ಚಸ್ತೀ ಏನು?" ಎಂದು ಅವನು ನಕ್ಕ, ಆದರೆ ಹಚ್ಚಿದ.

ಅದು ರೀಸ್ಲಿಂಗ್, ಬಿಳಿ ತಳಿ. ವಿಶಾಖಾ ಗ್ಲಾಸಿಗೆ ಮೂಗು ತಂದಳು. ಇಂಡಿ ತಾಲೂಕಿನ ನಿಂಬೆಹಣ್ಣಿನ ಸಿಪ್ಪೆಯನ್ನು ಆಗಷ್ಟೇ ಚಿವುಟಿದ ಹಾಗೆ. ಹಿಂದಿನಿಂದ, ಹುಡುಕಿದರೆ ಮಾತ್ರ ಸಿಗುವ ಸೀಮೆಎಣ್ಣೆಯ ಎಳೆ. ಪುಸ್ತಕದಲ್ಲಿ ಓದಿ ಮುಖ ಸಿಂಡರಿಸಿದ್ದಳು. ಈಗ ಅದೇ ಹಿತವಾಗಿತ್ತು. ವೈನು ನೀರಿನಷ್ಟು ತಿಳಿ. ಅದರ ತಳದಲ್ಲಿ ಕೆಂಪು ಚುಕ್ಕೆ ಕಂಡಿತು.

ಸುತ್ತು ಮುಗಿದೊಡನೆ ಸಂಗು ಐದೂ ಗ್ಲಾಸು ಎತ್ತಿಕೊಂಡು ನಲ್ಲಿಯತ್ತ ಹೋದ. ಗುರುಪಾದಯ್ಯನವರ ಮಗ, ಘಟಕದ ಮ್ಯಾನೇಜರು. ಮನೆಯಲ್ಲಿ ಉಂಡ ತಾಟನ್ನೂ ಎತ್ತದವನು ಇಂದು ತೊಳೆಯುವ ಕೆಲಸ ಮೈಮೇಲೆ ಎಳೆದುಕೊಂಡಿದ್ದ. ತಂದು ಹಂಚಿದ. ಎರಡನೆಯದಾದ ಬಿಳಿ ಶಾರ್ಡನೆಯಲ್ಲಿ ಬೆಣ್ಣೆ ಕಾಸುವ ಮನೆಯ ವಾಸನೆ. ಅದರ ಅಡಿಯಲ್ಲೂ ಚುಕ್ಕೆ. ಮೂರನೆಯದು ಗ್ರೆನಾಶ್, ತೆಳು ಕೆಂಪು. ತಳ ಕಾಣಲಿಲ್ಲ. ವಿಶಾಖಾ ಬಣ್ಣ ನೋಡುವವಳಂತೆ ಗ್ಲಾಸನ್ನು ಮೇಲೆತ್ತಿ ಅಡಿ ನೋಡಿದಳು. ಇತ್ತು.

ಅವಳ ತಲೆ ತಾನಾಗಿಯೇ ಲೆಕ್ಕ ಹಾಕಿತು. ಚುಕ್ಕೆಯ ಗ್ಲಾಸು ಅವಳಿಗೆ ಬರುವ ಸಂಭವ ಐದರಲ್ಲಿ ಒಂದು. ಎರಡು ಸಲ ಬರುವುದು ಇಪ್ಪತ್ತೈದರಲ್ಲಿ ಒಂದು. ಮೂರು ಸಲ ಎಂದರೆ ನೂರಿಪ್ಪತ್ತೈದರಲ್ಲಿ ಒಂದು. ನಾಲ್ಕನೆಯ ಸುತ್ತಿಗೆ ಅವಳು ನಲ್ಲಿಯ ಕಡೆಗೇ ನೋಡಿದಳು. ಸಂಗು ಒಂದೊಂದೇ ಗ್ಲಾಸನ್ನು ಬೋರಲು ಮಾಡಿ, ತಳ ನೋಡಿ, ಒಂದನ್ನು ಎಡಗೈಗೆ ಬೇರೆಯಾಗಿ ತೆಗೆದುಕೊಂಡ. ಎಡಗೈಯದು ಅವಳ ಮುಂದೆ ಬಂತು.

ಅದರಲ್ಲಿ ಶಿರಾಜ್ ಬಿತ್ತು. ಅವಳು ಆ ದಿನ ಕಾಯುತ್ತಿದ್ದ ವೈನು ಅದೇ. ನೇರಳೆಹಣ್ಣು, ಆಗ ಕುಟ್ಟಿದ ಕರಿಮೆಣಸು, ಬಿಸಿಲಿಗೆ ಕಾದ ಎರೆಮಣ್ಣಿಗೆ ಮೊದಲ ಹನಿ ಬಿದ್ದಾಗಿನ ಉಸಿರು. ನಿಡೋಣಿಯ ಬಿಸಿಲಿಗೆ ಈ ತಳಿ ಒಗ್ಗುತ್ತದೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದಳು. ಇಲ್ಲಿ ಸಾಕ್ಷಿ ಇತ್ತು. ಆದರೆ ಆ ಗುಟುಕನ್ನು ಅವಳು ಬೇಗನೆ ಉಗುಳಿದಳು. ಅಜ್ಜಿ ಮಾಳವ್ವ ಹೇಳುತ್ತಿದ್ದಳು: ಊರಿನ ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ತಮ್ಮ ಓಣಿಯವರ ಕಪ್ಪು ಇರುತ್ತಿತ್ತು, ಕಿವಿ ಮುರಿದದ್ದು, ಕುಡಿದು ತಾವೇ ತೊಳೆದು ಇಡಬೇಕು. ವಿಶಾಖಾ ಅದನ್ನು ಹಳೆಯ ಕತೆಯೆಂದು ಕೇಳಿದ್ದಳು. ಈಗ ಕಿವಿ ಮುರಿದ ಕಪ್ಪಿನ ಬದಲು ಹೊಳೆಯುವ ಗಾಜು ಬಂದಿತ್ತು, ಅಷ್ಟೆ.

ಉಗುಳುವ ಬಕೆಟ್ಟು ಮಾತ್ರ ಒಂದೇ ಇತ್ತು. ಅದರಲ್ಲಿ ಐವರ ಎಂಜಲೂ ಕಲೆತಿತ್ತು. ಅದಕ್ಕೆ ಯಾರೂ ಚುಕ್ಕೆ ಹಚ್ಚಿರಲಿಲ್ಲ.

ಐದನೆಯದು ಕ್ಯಾಬರ್ನೆ. ಬೆಂಡಿನ ಬಿರಡೆ ಇದ್ದದ್ದು ಅದಕ್ಕೊಂದಕ್ಕೇ. ಬಿರಡೆ ಸದ್ದು ಮಾಡಿ ಹೊರಬಂದಾಗ ಸುಭಾಷ ನೆಟ್ಟಗೆ ಕೂತ. "ಇದು ನೋಡ್ರಿ ವೈನು. ವಾಸನಿನ ಬ್ಯಾರೆ. ಪರದೇಶದ್ದು ಅಂದ್ರ ಇದು." ಗುರುಪಾದಯ್ಯನವರೂ ಸಂಗುವೂ ತಲೆದೂಗಿದರು. ಮೂವರೂ ಹತ್ತಕ್ಕೆ ಒಂಬತ್ತು ಹೇಳಿದರು.

ವಿಶಾಖಾ ಮೂಸಿ ಗ್ಲಾಸು ಕೆಳಗಿಟ್ಟಳು. ಅಕಾಲದ ಮಳೆಗೆ ತೊಯ್ದು, ಶೆಡ್ಡಿನ ಮೂಲೆಯಲ್ಲಿ ಮುಗ್ಗಿದ ಗೋಣಿಚೀಲ. "ಇದು ಕೆಟ್ಟೈತ್ರಿ. ಬಿರಡಿಗೆ ಬೂಸ್ಟ ಹಿಡದು ವೈನಿಗೆ ಇಳದೈತಿ. ಮಾರ್ಕ ಹಾಕಬ್ಯಾಡ್ರಿ."

ಸಂಗು ನಕ್ಕ. "ಮೇಡಮ್ಮಾರ ಅವ್ವ ತಿಕೋಟಾದಾಗ ಮನೂಕ ಆರಿಸಿದಾಕಿ. ಮನಿತುಂಬ ಬೂಸ್ಟ ಮೂಸಿ ಬೆಳದಾರ, ಎಲ್ಲಾದ್ರಾಗೂ ಅದ ಬರತೈತಿ."

ಸುಭಾಷನೂ ನಕ್ಕ. ಶಾಂತಪ್ಪ ನಗಲಿಲ್ಲ; ಮತ್ತೊಮ್ಮೆ ಮೂಸಿದ.

"ನಮ್ಮವ್ವ ಮೂಸಿ ಒಗದ ಮನೂಕ ಯಾವ ವ್ಯಾಪಾರಿನೂ ತಿರುಗಿ ಆರಿಸಿಲ್ರಿ," ಎಂದಳು ವಿಶಾಖಾ. ದನಿ ಏರಲಿಲ್ಲ. "ಇದರದ ಇನ್ನೊಂದ ಬಾಟ್ಲಿ ಐತಿ. ತಗದು ನೋಡೂನು. ಎರಡೂ ಒಂದ ಥರ ಇದ್ರ ನನ್ನ ಮೂಗ ಸುಳ್ಳು."

"ಊಟಾ ಮಾಡಿ ನೋಡೂನು," ಎಂದರು ಗುರುಪಾದಯ್ಯನವರು.

ಸಂಗುವಿನ ಹೆಂಡತಿ ನಂದಾ ಮನೆಯಿಂದ ರೊಟ್ಟಿ, ಬದನೆಕಾಯಿ ಪಲ್ಯ ತಂದಿದ್ದಳು. ಗಂಡಸರು ಉಣ್ಣುವಾಗ ವಿಶಾಖಾ ಗ್ಲಾಸುಗಳನ್ನು ಪ್ರಯೋಗಾಲಯಕ್ಕೆ ಒಯ್ದಳು. ನಂದಾ ಹಿಂದೆಯೇ ಬಂದಳು.

"ವಿಶಾಖಾ, ಚುಕ್ಕಿ ಇದ್ದದ್ದ ಬ್ಯಾರೆ ಇಡ್ರಿ. ಉಳದವು ನಮ್ಮ ಮನಿ ಗ್ಲಾಸು, ತಿರುಗಿ ಒಯ್ಯೂವು."

ನಂದಾಳ ಉಗುರಿಗೆ ಅದೇ ಕೆಂಪು ಬಣ್ಣವಿತ್ತು.

"ಆ ಚುಕ್ಕಿ ಯಾಕ ಹಚ್ಚೀರಿ ನಂದಕ್ಕಾ?"

"ನಮ್ಮ ಮಾವಾರ ಹೇಳಿದ್ರು. ಹೆಣ್ಮಗಳು ಗಂಡಸರ ನಡುವ ಕುಂಡರತಾಳ, ಆಕೀದು ಬ್ಯಾರೆ ಇರಲಿ ಅಂತ."

"ಹಂಗಾರ ನಿಮ್ಮ ಮನ್ಯಾಗ ನಿಮ್ಮ ಗ್ಲಾಸಿಗೆ ಯಾವ ಬಣ್ಣದ ಚುಕ್ಕಿ ಐತ್ರಿ?"

ನಂದಾ ಕೈ ಹಿಂದಕ್ಕೆ ಎಳೆದುಕೊಂಡಳು. ತನ್ನ ಉಗುರು ನೋಡಿಕೊಂಡಳು. ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ವಿಶಾಖಾಳಿಗೆ ಗ್ಲಾಸನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಎತ್ತಿದಳು ಕೂಡ. ಆದರೆ ಒಡೆದ ಗ್ಲಾಸು ಅವಳ ತಪ್ಪಾಗುತ್ತಿತ್ತು, ನಾಲ್ಕೇ ಉಳಿಯುತ್ತಿದ್ದವು, ನಾಲ್ವರೇ ಕೂಡುತ್ತಿದ್ದರು. ಅವರಿಗೆ ಬೇಕಾದದ್ದೂ ಅದೇ. ಅವಳು ಕಪಾಟಿನಿಂದ ಅಸಿಟೋನಿನ ಸೀಸೆ ತೆಗೆದಳು. ಹತ್ತಿಗೆ ಎರಡು ಹನಿ. ಒಂದೇ ಒರೆಸಿಗೆ ಚುಕ್ಕೆ ಕರಗಿ ಹತ್ತಿಗೆ ಬಂತು. ಅಸಿಟೋನಿನ ವಾಸನೆ ವೈನಿಗೆ ತಾಗಬಾರದಲ್ಲ, ಐದನ್ನೂ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಒರೆಸಿ, ಕಣ್ಣು ಮುಚ್ಚಿಕೊಂಡು ಜಾಗ ಬದಲಿಸಿದಳು. ಯಾವುದು ತನ್ನದಿತ್ತೆಂದು ಅವಳಿಗೇ ಗೊತ್ತಾಗಲಿಲ್ಲ.

ಊಟ ಮುಗಿಸಿ ಬಂದವರ ಮುಂದೆ ಐದೂ ಗ್ಲಾಸಿನಲ್ಲಿ ಕ್ಯಾಬರ್ನೆಯ ಎರಡನೆಯ ಬಾಟಲಿ ಸುರಿದಿಟ್ಟಿತ್ತು. ಸಂಗು ಹಂಚಲು ಕೈ ಹಾಕಿದವನು ಒಂದನ್ನು ಎತ್ತಿ ಅಡಿ ನೋಡಿದ. ಇನ್ನೊಂದನ್ನು ನೋಡಿದ. ಐದನ್ನೂ ನೋಡಿದ. ಮತ್ತೆ ಮೊದಲಿನದನ್ನು ನೋಡಿದ.

"ಏನ ಹುಡಕಾಕತ್ತೀಯೋ ಸಂಗು?" ಎಂದ ಶಾಂತಪ್ಪ.

"ಏನಿಲ್ಲ ಕಾಕಾ."

"ಯಾವದು ಯಾರದು?" ಎಂದು ಗುರುಪಾದಯ್ಯನವರು ಮಗನ ಮುಖ ನೋಡಿದರು.

"ಎಲ್ಲಾ ಚೊಲೋ ತೊಳದೇನ್ರಿ ಅಯ್ಯಾರ," ಎಂದಳು ವಿಶಾಖಾ. "ಗುರುತು ಹೋಗೇತಿ."

"ಯಾವ ಗುರುತು?" ಶಾಂತಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಸಂಗು ಸಾಹೇಬ್ರ ಹೇಳತಾರ. ಹೇಳ್ರಿ, ಯಾವ ಗುರುತು?"

ಸಂಗು ಗ್ಲಾಸನ್ನು ಕೆಳಗಿಟ್ಟು, ಒಂದನ್ನೂ ತೆಗೆದುಕೊಳ್ಳದೆ ಹಿಂದೆ ಸರಿದ. ಸುಭಾಷ ಮೊಬೈಲು ತೆಗೆದು, ಯಾರ ಕರೆಯೂ ಬಾರದ ಅದನ್ನು ನೋಡಿದ. "ನನಗ ಉಂಡಮ್ಯಾಲ ಆ್ಯಸಿಡಿಟಿ ಆಗತೈತ್ರಿ. ನಾ ಒಲ್ಲೆ. ಮೊದಲ ಹಾಕಿದ ಮಾರ್ಕ ಇರಲಿ."

ಶಾಂತಪ್ಪ ಹತ್ತಿರದ ಗ್ಲಾಸು ತೆಗೆದುಕೊಂಡು, ತಿರುವಿ, ಮೂಸಿ, ತುಟಿ ಹಚ್ಚಿ ಕುಡಿದ. ಉಗುಳಿದ. "ಆ ಬಾಟ್ಲಿ ಅಲ್ಲ ಇದು. ಹಸಿ ಡಬ್ಬ ಮೆಣಸಿನಕಾಯಿ ಬರತೈತಿ, ಹಣ್ಣೂ ಬರತೈತಿ. ಅದು ಕೆಟ್ಟಿತ್ತ, ತಂಗಿ ಅಂದದ್ದ ಖರೆ. ಇದು ಚೊಲೋ, ಆದ್ರ ನಾಕನೇದ್ದರ ಮುಂದ ಅಲ್ಲ."

ಎಲ್ಲರೂ ಗುರುಪಾದಯ್ಯನವರನ್ನು ನೋಡಿದರು. ಅವರು ಉಳಿದ ನಾಲ್ಕು ಗ್ಲಾಸುಗಳ ಮೇಲೆ ಕಣ್ಣಾಡಿಸಿ, ಒಂದನ್ನು ಎರಡು ಬೆರಳಲ್ಲಿ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ ಮೇಲಿನಿಂದ ಸುರಿದುಕೊಂಡರು. ತುಟಿ ತಾಗಲಿಲ್ಲ. ಅರ್ಧ ಬಾಯಿಗೆ ಬಿತ್ತು, ಅರ್ಧ ಬಿಳಿ ಅಂಗಿಯ ಎದೆಯ ಮೇಲೆ ಇಳಿಯಿತು.

"ಎಂಥಾ ವಾಸನಿ ಬಂತ್ರಿ?" ವಿಶಾಖಾ ಪೆನ್ನು ಹಿಡಿದು ಕಾದಳು.

ಅವರು ಕರವಸ್ತ್ರಕ್ಕಾಗಿ ಜೇಬು ತಡಕಿದರು.

"ಆ ಬಾಟ್ಲಿ ಕೆಟ್ಟಿತ್ತ, ಅದರ ಮಾರ್ಕ ಲೆಕ್ಕಕ್ಕಿಲ್ಲ. ಮೂಸದವರು ಮಾರ್ಕ ಹಾಕೂ ಹಂಗಿಲ್ಲ ಅಂತ ನೀವ ಹೇಳೀರಿ. ಹಾಳಿ ಮ್ಯಾಲೂ ಐತಿ." ಅವಳು ಕ್ಯಾಬರ್ನೆಯ ಸಾಲಿನಲ್ಲಿದ್ದ ಮೂರು ಒಂಬತ್ತುಗಳನ್ನು ನೇರ ಗೆರೆಯಿಂದ ಹೊಡೆದಳು. ಆಮೇಲೆ ಉಳಿದ ಮೂರರಲ್ಲಿ ಒಂದು ಗ್ಲಾಸು ತೆಗೆದುಕೊಂಡು ಮೂಸಿದಳು. ಚೊಕ್ಕವಾಗಿತ್ತು. ಒಂದು ಗುಟುಕು ಕುಡಿದಳು, ಉಗುಳಲಿಲ್ಲ. ಆ ಸಾಲಿನಲ್ಲಿ ಉಳಿದದ್ದು ಎರಡೇ ಅಂಕ, ಶಾಂತಪ್ಪನ ಆರು, ಅವಳ ಆರು. ನಾಲ್ಕನೆಯ ಸಾಲಿನಲ್ಲಿ ಶಿರಾಜ್‌ಗೆ ಇಬ್ಬರದೂ ಎಂಟರ ಮೇಲಿತ್ತು.

"ನನ್ನ ಹೊಲಕ್ಕ ನಾಕನೇದ್ದ ಕಟ್ಟಸ್ರಿ," ಎಂದು ಶಾಂತಪ್ಪ ಹಾಳೆ ಎಳೆದುಕೊಂಡು ಸಹಿ ಮಾಡಿದ. ಅವನ ಕೆಳಗೆ ವಿಶಾಖಾ ತನ್ನ ಪೂರ್ತಿ ಹೆಸರು ಬರೆದಳು.

ಗುರುಪಾದಯ್ಯನವರು ಎದೆಯ ಕಲೆಯನ್ನು ಕರವಸ್ತ್ರದಿಂದ ತಿಕ್ಕುತ್ತಿದ್ದರು. ತಿಕ್ಕಿದಷ್ಟೂ ಹರಡುತ್ತಿತ್ತು. "ಭಾಳ ಆತು ವಿಶಾಖಾ," ಎಂದರು.

"ಹೌದ್ರಿ, ಭಾಳ ಆತು." ಗೆದ್ದ ಮೇಲೆ ಸಿಟ್ಟು ಇಳಿಯುತ್ತದೆಂದು ಅವಳು ಎಣಿಸಿದ್ದಳು. ಇಳಿದಿರಲಿಲ್ಲ. ಕೆಂಪು ಹತ್ತಿದ ಹತ್ತಿಯನ್ನು ಜೇಬಿನಿಂದ ತೆಗೆದು ಸಂಗುವಿನ ಮುಂದಿಟ್ಟಳು. "ನಾಳಿ ಎಂಟಕ್ಕ ಬರತೇನಿ. ಮೂರನೇ ಟ್ಯಾಂಕಿನ ರುಚಿ ನೋಡೂದೈತಿ, ಐದ ಸಾವಿರ ಲೀಟರಿಂದು. ಅದಕ್ಕೂ ಚುಕ್ಕಿ ಹಚ್ಚೂದಿದ್ರ ಈಗ ಹಚ್ಚಿ ಇಡ್ರಿ."